ವೀರಗಲ್ಲಿಗೆ ಬಣ್ಣ ಬಳಿಯುವ ಮುನ್ನ: ಗ್ರಾಮ ಪಂಚಾಯಿತಿಗಳಿಗೂ ಗುಡಿ ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ, ಪಿಡಿಒ ಅವರೇ, ಗುಡಿ ಸಮಿತಿಯ ಹಿರಿಯರೇ,

ಜಾತ್ರೆಗೆ ಮುಂಚೆ ಗುಡಿಗೆ ಬಣ್ಣ ಹೊಡೆಸುತ್ತೀರಿ. ಡಬ್ಬಿಯಲ್ಲಿ ಉಳಿದದ್ದು ಅಂಗಳದ ವೀರಗಲ್ಲಿನ, ಅಂದರೆ ಕಾದಿ ಸತ್ತವನ ನೆನಪಿಗೆ ನೆಟ್ಟ ಕಲ್ಲಿನ, ಪಾಲಾಗುತ್ತದೆ. ವೀರನ ಮೈಗೆ ಹಳದಿ, ಕುದುರೆಗೆ ಬಿಳಿ, ಕತ್ತಿಗೆ ಬೆಳ್ಳಿ ಬಣ್ಣ, ಅಕ್ಷರವಿದ್ದ ಪಟ್ಟಿಗೆ ಒಂದೇ ಸಮ ಕೆಂಪು. ಬಳಿದವರ ಮನಸ್ಸಿನಲ್ಲಿ ಭಕ್ತಿಯೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮುಚ್ಚಿಹೋದದ್ದು ಯಾರಿಗಾಗಿ ಆ ಕಲ್ಲು ನಿಂತಿತೋ ಅವನ ಹೆಸರು.

ವೀರಗಲ್ಲುಗಳನ್ನು ಹುಡುಕಿ, ಅಳೆದು, ಓದುವ ಕೆಲಸದಲ್ಲಿರುವ ನಾವು ಈ ಪತ್ರವನ್ನು ಪುರಾತತ್ವ ಇಲಾಖೆಗೆ ಬರೆಯದೆ ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಸಂರಕ್ಷಿತ ಸ್ಮಾರಕವೆಂದು ಘೋಷಣೆಯಾದ ಜಾಗಗಳಿಗೆ 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆಯ ರಕ್ಷಣೆ ಇದೆ. ಕೇಂದ್ರದ ಸ್ಮಾರಕವಾದರೆ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಹಾಳು ಗುಡಿಯ ಹಿಂದೆ ನಿಂತ ವೀರಗಲ್ಲುಗಳಲ್ಲಿ ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು ಪುರಾತನ ವಸ್ತುಗಳೇ. ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ದೇಶದಾಚೆ ಸಾಗಿಸುವಂತಿಲ್ಲ. ಆದರೆ ಕಲ್ಲಿಗೆ ಬಣ್ಣ ಬೀಳುವ ದಿನ, ರಸ್ತೆ ಅಗಲ ಮಾಡಲು ಜೆಸಿಬಿ ಬರುವ ದಿನ ಸ್ಥಳದಲ್ಲಿ ಇರುವವರು ನೀವು.

ಮೊದಲಿಗೆ, ಅದು ಬರೀ ಗೋರಿಕಲ್ಲಲ್ಲ. ಎಷ್ಟೋ ವೀರಗಲ್ಲುಗಳು ಸತ್ತವನ ಮನೆಯವರ ಹಕ್ಕುಪತ್ರವೂ ಹೌದು. ಸತ್ತವನ ಕುಟುಂಬಕ್ಕೆ, ವಾರಸುದಾರರಿಗೆ ಭೂಮಿ ಕೊಟ್ಟದ್ದನ್ನು ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳಲ್ಲಿ ಬರೆಯುತ್ತಿದ್ದರು. ಬದುಕಿ ಬಂದ ವೀರನ ಕತ್ತಿ ತೊಳೆದು ಕೊಟ್ಟ ದತ್ತಿಗೆ ಬಾಳ್ಗಳ್ಚು ಎನ್ನುತ್ತಿದ್ದರು. ಬೇಗೂರಿನ ದೊಡ್ಡ ವೀರಗಲ್ಲಿನಲ್ಲಿ ನಾಗತ್ತರ ಎಂಬ ವೀರ ತುಂಬೆಪಾಡಿಯ ಕಾಳಗದಲ್ಲಿ ಸತ್ತ ಸುದ್ದಿಯ ಬೆನ್ನಿಗೇ ಗಂಗರ ಅರಸ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಮಾತು ಬರುತ್ತದೆ. ಹನ್ನೆರಡು ಊರುಗಳ ಹೆಸರೂ ಇದೆ. ಬೆಂಪೂರೇ ಇಂದಿನ ಬೇಗೂರು. ಅದೇ ಬೇಗೂರಿನ ನಾಗೇಶ್ವರ ಗುಡಿಯ ಆವರಣದ ಇನ್ನೊಂದು ಕಲ್ಲು ಬೆಂಗುಳೂರು ಕಾಳೆಗದಲ್ಲಿ ಸತ್ತ ಬುಟ್ಟಣಶೆಟ್ಟಿಯದು, ಸುಮಾರು 890ರ ಕಾಲದ್ದು. ರಾಜಧಾನಿಯ ಹೆಸರಿಗೆ ಅಷ್ಟು ಹಳೆಯ ಸಾಕ್ಷಿ ಸಿಕ್ಕಿರುವುದು ಒಬ್ಬ ಸತ್ತವನ ಕಲ್ಲಿನಿಂದ.

ಕಾಳಗ ನಡೆದ ಜಾಗ ಒಂದು, ಕಲ್ಲು ನಿಂತ ಜಾಗ ಇನ್ನೊಂದು ಆಗಿರುವುದೂ ಉಂಟು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ತಕ್ಕೋಲದ ಯುದ್ಧವನ್ನು ಹೇಳುತ್ತದೆ. ತಕ್ಕೋಲ ಇರುವುದು ತಮಿಳುನಾಡಿನ ಅರಕ್ಕೋಣದ ಬಳಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಅಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಪಡೆದ. ಮುಂದೆ ನಿಂತು ಕಾದಿದ ಮಣಲೇರನಿಗೆ ಏನು ಬೇಕೋ ಕೇಳು ಎಂದರೆ ಅವನು ಕೇಳಿದ್ದು ಬೂತುಗನ ಬೇಟೆನಾಯಿಯನ್ನು, ಕಾಳಿಯನ್ನು. ಆ ನಾಯಿ ಬೆಳತೂರಿನ ಪಡುವಣ ಮೊರಡಿಯಲ್ಲಿ (ಗುಡ್ಡದಲ್ಲಿ) ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಕಲ್ಲು ನಿಂತಿದ್ದು ಆತಕೂರಿನ ಚಲ್ಲೇಶ್ವರನ ಮುಂದೆ, ನಾಯಿಯ ಹೆಸರಿನಲ್ಲಿ. ಅದರ ಪೂಜೆಗೆ ಕೆರೆಯ ಕೆಳಗೆ ಗದ್ದೆ ಬಿಟ್ಟು, ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದರು. ಮಣಲೇರನಿಗೂ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಕಾಡಿಯೂರು ಬಾಳ್ಗಳ್ಚಾಗಿ ದಕ್ಕಿದವು.

ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಿಸಿಲು ಮಳೆ ತಾಗದು, ನೂರಾರು ಜನ ನೋಡುತ್ತಾರೆ, ಒಳ್ಳೆಯದೇ. ಆದರೆ ಗುಡಿ, ಕೆರೆ, ಗದ್ದೆ ಯಾವುದೂ ಅದರ ಮುಂದಿಲ್ಲ. ‘ಕೆರೆಯ ಕೆಳಗೆ’ ಎಂದು ಕಲ್ಲಿನಲ್ಲಿ ಓದಿ ಕಣ್ಣೆತ್ತಿದರೆ ಗೋಡೆ. ಹಾಗಾಗಿ ನಮ್ಮ ಮುಖ್ಯ ಕೋರಿಕೆ ಇಷ್ಟೇ: ಕಲ್ಲು ನಿಂತಲ್ಲೇ ನಿಲ್ಲಲಿ. ಸರಿಸಲೇಬೇಕಾದರೆ ಕೊನೆಯ ದಾರಿಯಾಗಿ, ದಾಖಲೆ ಮಾಡಿ ಸರಿಸಿ.

ಇನ್ನು ಕೆಲಸದ ಮಾತಿಗೆ ಬರೋಣ.

ಬಣ್ಣ ಯಾಕೆ ಬೇಡ? ಕಲ್ಲು ನೆಲದ ತೇವವನ್ನು ಬುಡದಿಂದ ಎಳೆದು ಮೈಯಿಂದ ಹೊರಗೆ ಬಿಡುತ್ತಿರುತ್ತದೆ. ಎನಾಮೆಲ್ ಆ ಮೈಯನ್ನು ಮುಚ್ಚಿದಾಗ ತೇವ, ಅದರ ಜೊತೆ ಕರಗಿ ಬಂದ ಉಪ್ಪು, ಎರಡೂ ಬಣ್ಣದ ಹಿಂದೆ ನಿಲ್ಲುತ್ತವೆ. ಉಪ್ಪು ಹರಳುಗಟ್ಟಿದಾಗ ಹಿಗ್ಗಿ, ಮೇಲಿನ ಪದರವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಬಣ್ಣ ಉದುರುವಾಗ ಅಕ್ಷರದ ಅಂಚೂ ಉದುರುತ್ತದೆ. ಬಳಪದ ಕಲ್ಲಿನಲ್ಲಿ ಇದು ಬೇಗ, ಕಣಶಿಲೆಯಲ್ಲಿ (ಗ್ರಾನೈಟಿನಲ್ಲಿ) ನಿಧಾನ. ಈಗಾಗಲೇ ಬಳಿದಾಗಿದ್ದರೆ ಕೆರೆದು ತೆಗೆಯಲು ಹೋಗಬೇಡಿ. ಕಾಸ್ಟಿಕ್ ಸೋಡ, ಆ್ಯಸಿಡ್, ಮರಳು ಚಿಮ್ಮಿಸುವ ಯಂತ್ರ, ಬ್ಲೋ ಲ್ಯಾಂಪ್ ಇವೆಲ್ಲ ಬಣ್ಣಕ್ಕಿಂತ ಕೆಟ್ಟವು. ಆ್ಯಸಿಡ್ ಕಣಶಿಲೆಯ ಕಬ್ಬಿಣದ ಅಂಶವನ್ನು ಎಬ್ಬಿಸಿ ತುಕ್ಕಿನ ಕಲೆ ಬಿಡುತ್ತದೆ. ಇನ್ನೊಂದು ಕೋಟ್ ಹೊಡೆಯದೆ ಬಿಡಿ, ತೆಗೆಯುವುದು ಪರಿಣತರ ಕೆಲಸ.

ತೊಳೆಯಲು ಬರೀ ನೀರು, ಮೆತ್ತನೆ ನೈಲಾನ್ ಅಥವಾ ತೆಂಗಿನ ನಾರಿನ ಬ್ರಷ್. ತಂತಿ ಬ್ರಷ್ ಮುಟ್ಟಲೇಬಾರದು. ಅದರ ಪುಡಿ ಕಲ್ಲಿನ ಸಂದಿಯಲ್ಲಿ ಕೂತು ಮೊದಲ ಮಳೆಗೇ ತುಕ್ಕು ಹಿಡಿಯುತ್ತದೆ. ಕಲ್ಲುಹೂವು ಒಣಗಿದಾಗ ಕಿತ್ತರೆ ಕಲ್ಲಿನ ಪುಡಿಯೂ ಜೊತೆಗೆ ಬರುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಕೆಲವು ಗಂಟೆ ಬಿಟ್ಟು, ಬಿದಿರಿನ ಚಕ್ಕೆಯಿಂದ ಹಗುರಾಗಿ ಎಬ್ಬಿಸಿ. ಅಕ್ಷರ ಎದ್ದು ಕಾಣಲೆಂದು ಮೈದಾ ಹಿಟ್ಟು, ಸೀಮೆಸುಣ್ಣ ತಿಕ್ಕುವ ಚಾಳಿ ನಮ್ಮವರಲ್ಲೇ ಇದೆ, ಒಪ್ಪಿಕೊಳ್ಳುತ್ತೇವೆ. ಹಿಟ್ಟಿಗೆ ಇರುವೆ, ಬೂಷ್ಟು ಬರುತ್ತವೆ. ಸೀಮೆಸುಣ್ಣ ತಿಕ್ಕುವವನು ತನಗೆ ಕಂಡ ಅಕ್ಷರವನ್ನು ಬರೆಯುತ್ತಾನೆ, ಇರುವ ಅಕ್ಷರವನ್ನಲ್ಲ. ಮುಂದಿನವರು ಅದನ್ನೇ ಓದುತ್ತಾರೆ.

ಬೆಂಕಿಯ ವಿಷಯ ಕಡಿಮೆ ಜನಕ್ಕೆ ಗೊತ್ತು. ಬದುವಿನ ಕಲ್ಲಿಗೆ ಒತ್ತಿ ಕಬ್ಬಿನ ಸೋಗೆ ಸುಡುತ್ತಾರೆ. ಕಣಶಿಲೆಯಲ್ಲಿರುವ ಬೇರೆ ಬೇರೆ ಹರಳುಗಳು ಕಾವಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಮೈ ಪದರ ಪದರವಾಗಿ ಸಿಡಿಯುತ್ತದೆ. ಸುತ್ತ ನಾಲ್ಕು ಮಾರು ಜಾಗ ಸೋಗೆ ಇಲ್ಲದಂತೆ ಬಿಡಿಸಿದರೆ ಸಾಕು. ಹೊಲದವರಿಗೆ ಒಂದು ಮಾತು ಹೇಳಿ, ನೋಟಿಸು ಬೇಡ.

ಪೂಜೆ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ಈರಗಲ್ಲೆಂದೋ ಬೀರಗಲ್ಲೆಂದೋ ಕರೆದು, ತಮ್ಮ ಹಿರೀಕರೆಂದು ನಂಬಿ ಎಡೆ ಇಡುವ ಮನೆತನಗಳಿರುವ ಕಡೆ ಕಲ್ಲು ನೆಟ್ಟಗೆ ನಿಂತಿದೆ. ಯಾರೂ ಕೇಳದ ಕಲ್ಲು ಬಟ್ಟೆ ಒಗೆಯುವ ಹಾಸಾಗಿದೆ, ಮೋರಿಯ ಚಪ್ಪಡಿಯಾಗಿದೆ. ಕಲ್ಲು ಓದುವವರಿಗಿಂತ ಎಡೆ ಇಡುವವರೇ ಹೆಚ್ಚು ಉಳಿಸಿದ್ದಾರೆ ಎನ್ನಲು ನಮಗೆ ಸಂಕೋಚವಿಲ್ಲ. ಕೇಳಿಕೊಳ್ಳುವುದು ಒಂದು ಸಣ್ಣ ಬದಲಾವಣೆ. ಕಲ್ಲಿನ ಮುಂದೆ ಎರಡು ಅಡಿ ಬಿಟ್ಟು ಒಂದು ಹಾಸುಗಲ್ಲು ಹಾಕಿ. ಅರಿಶಿನ, ಕುಂಕುಮ, ಎಣ್ಣೆ, ಹಾಲು, ಕರ್ಪೂರ ಎಲ್ಲ ಅದರ ಮೇಲೆ ಆಗಲಿ. ವೀರನಿಗೆ ಹೂವು ಮಾತ್ರ ಇರಲಿ. ಎಣ್ಣೆ ಕುಡಿದ ಕಲ್ಲಿನ ಮೇಲೆ ಧೂಳು ಕೂತು, ಕೆಲವೇ ವರ್ಷಗಳಲ್ಲಿ ಕರಿ ಅಂಟಿನ ಚರ್ಮ ಬೆಳೆಯುತ್ತದೆ. ಅದರಡಿಯ ಅಕ್ಷರ ಬೆರಳಿಗೂ ಸಿಗದು.

ಕಲ್ಲು ವಾಲಿದೆ, ಬಿದ್ದಿದೆ, ಎತ್ತಿ ನಿಲ್ಲಿಸಬೇಕು ಎನ್ನುವಾಗ ಹೆಚ್ಚು ಅನಾಹುತ ಆಗುತ್ತದೆ. ಮೊದಲು ತೂಕ ಲೆಕ್ಕ ಹಾಕಿ. ಕಣಶಿಲೆ ಘನ ಅಡಿಗೆ ಸುಮಾರು 75 ಕಿಲೋ. ಐದು ಅಡಿ ಎತ್ತರ, ಮೂರು ಅಡಿ ಅಗಲ, ಎಂಟು ಅಂಗುಲ ದಪ್ಪದ ಕಲ್ಲು ಹತ್ತು ಘನ ಅಡಿ, ಅಂದರೆ 750 ಕಿಲೋ. ಎಂಟು ಜನ ಹಾರೆ ಹಾಕಿ ಮೀಟುವ ತೂಕವಲ್ಲ. ಜೆಸಿಬಿಯ ಹಲ್ಲಿಗೆ ಸರಪಳಿ ಕಟ್ಟಿ ಎತ್ತಿದರೆ ಅಂಚು ಚಕ್ಕೆ ಏಳುತ್ತದೆ, ಹಳೆಯ ಬಿರುಕಿದ್ದರೆ ಅಲ್ಲಿಗೇ ಎರಡಾಗುತ್ತದೆ. ಅಗಲವಾದ ನೈಲಾನ್ ಬೆಲ್ಟು ಎರಡು ಕಡೆ, ಬೆಲ್ಟಿಗೂ ಕಲ್ಲಿಗೂ ನಡುವೆ ಗೋಣಿ, ಕೆತ್ತನೆಯ ಮುಖ ಮೇಲಕ್ಕೆ, ಇಳಿಸುವಲ್ಲಿ ಮರಳಿನ ಹಾಸಿಗೆ. ಎತ್ತುವ ಮುಂಚೆ ಬುಡದ ಮಣ್ಣನ್ನು ಕೈಯಿಂದ ಬಿಡಿಸಿ ನೋಡಿ. ಶಾಸನದ ಕೊನೆಯ ಸಾಲುಗಳು ಹೂತಿರುವುದುಂಟು. ದತ್ತಿ ಯಾರಿಗೆ, ಎಷ್ಟು ಭೂಮಿ ಎಂಬುದು ಬರುವುದೇ ಕೊನೆಯಲ್ಲಿ.

ನಿಲ್ಲಿಸುವ ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ, ದಪ್ಪ ಮರಳು. ಸುತ್ತ ಸೈಜುಗಲ್ಲು ಬಿಗಿದು ಮಣ್ಣು ದಮ್ಮಸು ಮಾಡಿ. ನೆಲದ ಇಳಿಜಾರು ಕಲ್ಲಿನಿಂದ ಹೊರಕ್ಕೆ. ಸಿಮೆಂಟಿನಲ್ಲಿ ಹೂಳಬೇಡಿ. ಅದರ ಉಪ್ಪು ಕಲ್ಲಿಗೆ ಹತ್ತುತ್ತದೆ, ನೀರು ಇಂಗದೆ ಬುಡದಲ್ಲೇ ನಿಲ್ಲುತ್ತದೆ, ಮುಂದೆ ಬಿಡಿಸಬೇಕಾದಾಗ ಒಡೆಯುವುದು ಸಿಮೆಂಟಲ್ಲ, ಕಲ್ಲು. ಗಾರೆ ಬೇಕೇ ಬೇಕೆಂದರೆ ಸುಣ್ಣದ ಗಾರೆ. ಗುಡಿಯ ಗೋಡೆಗೆ ಸೇರಿಸಿ ಟೈಲ್ಸ್ ಮೆತ್ತುವುದಂತೂ ಬೇಡವೇ ಬೇಡ. ಹಿಂದೆ, ಪಕ್ಕದಲ್ಲಿ ಅಕ್ಷರವಿದ್ದರೆ ಅಲ್ಲಿಗೆ ಮುಗಿಯಿತು.

ಚರಂಡಿ, ಪೈಪ್‌ಲೈನ್ ಅಗೆಯುವಾಗ ಹೊಸ ಕಲ್ಲು ಸಿಕ್ಕರೆ ಯಂತ್ರ ನಿಲ್ಲಿಸಿ, ಸಿಕ್ಕ ಸ್ಥಿತಿಯಲ್ಲೇ ಫೋಟೊ ತೆಗೆದು, ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ಬರೆಯಿರಿ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂದದ್ದು ಚರಂಡಿ ಕೆಲಸದಲ್ಲೇ. ಸುಮಾರು 750ರದು, ಗಂಗ ಶ್ರೀಪುರುಷನ ಕಾಲದ್ದು.

ನಿಧಿಗಳ್ಳರ ಕಾಟಕ್ಕೆ ನಮಗೆ ಗೊತ್ತಿರುವ ಒಳ್ಳೆಯ ಮದ್ದು ಬೇಲಿಯಲ್ಲ, ಬೋರ್ಡು. ‘ಶಾಸನದಲ್ಲಿ ನಿಧಿಯ ಗುಟ್ಟಿದೆ’ ಎಂಬ ಮಾತು ಹುಟ್ಟುವುದೇ ಅದನ್ನು ಯಾರೂ ಓದಲಾರರು ಎಂಬ ಕಾರಣಕ್ಕೆ. ಓದಿದ ಪಾಠವನ್ನು ಇಂದಿನ ಕನ್ನಡದಲ್ಲಿ ನಾಲ್ಕು ಸಾಲು ಬರೆಸಿ: ಇಂಥವನು, ಇಂಥ ವರ್ಷ, ತುರು ಮರಳಿಸಲು ಹೋಗಿ ಸತ್ತ, ಅವನ ಮಗನಿಗೆ ಇಷ್ಟು ಗದ್ದೆ ಬಿಟ್ಟರು. ಬೋರ್ಡು ಕಲ್ಲಿಗೆ ಮೊಳೆ ಹೊಡೆದು ಅಲ್ಲ, ಆರಡಿ ದೂರದ ಕಂಬದ ಮೇಲೆ.

ಆ ಪಾಠ ಎಲ್ಲಿ ಸಿಗುತ್ತದೆ? ಬಿ. ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಹಳೇ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು ಸಂಖ್ಯೆಯಲ್ಲಿವೆ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳೂ ಇವೆ. ಹುಡುಕುವವರು ಎಡವುವುದು ತಾಲ್ಲೂಕಿನಲ್ಲಿ. ಆಗಿನ ಗಡಿ ಈಗಿಲ್ಲ. ಆತಕೂರು ಇಂದು ಮದ್ದೂರು ತಾಲ್ಲೂಕು, ರೈಸರ ಸಂಪುಟದಲ್ಲಿ ಅದು ಮಂಡ್ಯ 41, ಅಂದರೆ ಮಂಡ್ಯ ತಾಲ್ಲೂಕಿನ 41ನೇ ಶಾಸನ. ಅಕ್ಕಪಕ್ಕದ ತಾಲ್ಲೂಕುಗಳನ್ನೂ ತಿರುವಿ ನೋಡದೆ ‘ನಮ್ಮೂರಿನದು ಇಲ್ಲ’ ಎನ್ನಬೇಡಿ. ಕಾಲ ಹಾಕುವಾಗಲೂ ಒಂದು ಎಡವು ಇದೆ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಎಂಬುದು ಸ್ಥೂಲ ಲೆಕ್ಕ. ಆತಕೂರಿನ ಶಕ 872ಕ್ಕೆ ಸೇರಿಸಿದರೆ 950 ಬರುತ್ತದೆ, ಆದರೆ ಕಲ್ಲಿನಲ್ಲಿರುವ ಸೌಮ್ಯ ಸಂವತ್ಸರ 949–50ಕ್ಕೆ ಬೀಳುತ್ತದೆ. ಸಂವತ್ಸರದ ಹೆಸರನ್ನು ಯಾವಾಗಲೂ ತಾಳೆ ನೋಡಿ. ಬರೀ ಸಂವತ್ಸರವಿದ್ದು ಶಕವರ್ಷ ಇಲ್ಲದಿದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಅರಸನ ಹೆಸರು, ಅಕ್ಷರದ ರೂಪ ನೋಡದೆ ಬೋರ್ಡಿನಲ್ಲಿ ಇಸವಿ ಬರೆಸಬೇಡಿ.

ಪುಸ್ತಕದಲ್ಲಿ ಇಲ್ಲದ ಕಲ್ಲಾದರೆ ಪಡಿಯಚ್ಚು ತೆಗೆಯಬೇಕಾಗುತ್ತದೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಗುಳ್ಳೆಯಿಲ್ಲದಂತೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಇಳಿಸಬೇಕು. ಕಾಗದ ಮುಕ್ಕಾಲು ಒಣಗಿದಾಗ ಬಟ್ಟೆಯ ಉಂಡೆಗೆ ತೆಳುವಾಗಿ ಮಸಿ ಹತ್ತಿಸಿ ತಟ್ಟಬೇಕು. ಉಬ್ಬಿದ ಕಡೆ ಕಪ್ಪು, ಅಕ್ಷರ ಬಿಳಿ. ಒದ್ದೆ ಇರುವಾಗಲೇ ತಟ್ಟಿದರೆ ಮಸಿ ಕಾಗದ ದಾಟಿ ಕಲ್ಲಿಗೆ ಇಳಿಯುತ್ತದೆ, ಹೋಗದ ಕಲೆ. ಬಿರುಬಿಸಿಲು, ಗಾಳಿಯಿದ್ದರೆ ಕಾಗದ ಒಂದು ಕಡೆಯಿಂದ ಏಳುತ್ತದೆ. ಅನುಭವಿಗಳಿಗೆ ಮಾತ್ರ ಇದನ್ನು ಬಿಡಿ, ಯೂಟ್ಯೂಬ್ ನೋಡಿ ಬಂದವರಿಗೆ ಬೇಡ. ಅಪಾಯವಿಲ್ಲದ ದಾರಿ ಓರೆಬೆಳಕಿನ ಫೋಟೊ: ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೈಗೆ ತಾಗಿದಂತೆ ಹಿಡಿದು, ಫ್ಲ್ಯಾಶ್ ಆರಿಸಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು. ಒಂದು ಅಳತೆಪಟ್ಟಿ ಚೌಕಟ್ಟಿನೊಳಗೆ ಇರಲಿ. ಹಗಲಲ್ಲಿ ಬೋಳಾಗಿ ಕಂಡ ಕಲ್ಲಿನ ಮೇಲೆ ಸಾಲು ಸಾಲು ಎದ್ದು ನಿಲ್ಲುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಹಳ್ಳಿಗೆ ಅಷ್ಟು ಬೇಕಿಲ್ಲ, ಟಾರ್ಚು ಸಾಕು.

ನೋಡಲು ಬರುವ ಶಾಲಾಮಕ್ಕಳಿಗೆ, ಪ್ರವಾಸಿಗಳಿಗೆ ನಿಮ್ಮೂರಿನವರು ಹೇಳಿಕೊಡಬೇಕಾದದ್ದು ಒಂದೇ: ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ದೊಡ್ಡದಾಗಿ ಕಾಣುವವನು ವೀರ, ಎದುರಾಳಿ ಸಣ್ಣ. ಮೂಲೆಯಲ್ಲಿ ದನಗಳಿದ್ದರೆ ತುರುಗೊಳ್ (ದನಗಳಿಗಾಗಿ ನಡೆದ ಕಾಳಗ), ಹೆಂಗಸರ ಮೇಲೆ ಕೈಮಾಡಿದವರನ್ನು ತಡೆದದ್ದಾದರೆ ಪೆಣ್ಬುಯ್ಯಲ್, ಊರು ಹಾಳಾಗುವಾಗ ಸತ್ತದ್ದಾದರೆ ಊರಳಿವು, ಹುಲಿಯೋ ಹಂದಿಯೋ ಇದ್ದರೆ ಬೇಟೆ. ನಡು ಅಂಕಣದಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಒಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಜೈನನಾದರೆ ಜಿನನ ಮುಂದೆ. ನೆತ್ತಿಯ ಸೂರ್ಯ ಚಂದ್ರ, ಅವರಿರುವವರೆಗೂ ಇದು ಇರಲಿ ಎಂಬುದಕ್ಕೆ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಒಂದೇ ಅಂಕಣ ಇರುವುದೂ ಉಂಟು. ಪಕ್ಕದಲ್ಲಿ ಬಳೆ ತೊಟ್ಟ ತೋಳೊಂದು ಮೇಲೆತ್ತಿದಂತೆ ಕೆತ್ತಿದ ಕಲ್ಲಿದ್ದರೆ ಅದು ಮಾಸ್ತಿಕಲ್ಲು, ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಅದರ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹೊಗಳಿಕೆಯಾಗದಂತೆ ನೋಡಿಕೊಳ್ಳಿ. ಅಂಕಣಗಳ ನಡುವಿನ ಪಟ್ಟಿಯಲ್ಲಿ ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಸಾಲು ಸಿಕ್ಕರೆ, ಗೆದ್ದರೆ ಸಂಪತ್ತು, ಸತ್ತರೆ ದೇವಕನ್ಯೆ ಎಂದು ಅರ್ಥ. ನಡು ಅಂಕಣದ ಚಿತ್ರವೇ ಅದು.

ಕೊನೆಗೆ ಪಂಚಾಯಿತಿಯ ಪಾಲಿನ ಕಾಗದದ ಕೆಲಸ. ಒಂದು ರಿಜಿಸ್ಟರ್ ತೆರೆಯಿರಿ. ಪ್ರತಿ ಕಲ್ಲಿಗೆ ಒಂದು ಪುಟ: ಸರ್ವೆ ನಂಬರು, ಜಮೀನಿನವರು, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ ದಶಮಾಂಶದ ಐದು ಸ್ಥಾನದವರೆಗೆ (ನಾಲ್ಕಕ್ಕೆ ನಿಲ್ಲಿಸಿದರೆ ಹತ್ತು ಮೀಟರ್ ಆಚೀಚೆ ಆಗುತ್ತದೆ, ಅಷ್ಟರಲ್ಲಿ ಪಕ್ಕದ ಸರ್ವೆ ನಂಬರು ಬರುತ್ತದೆ), ಮುಖ ಯಾವ ದಿಕ್ಕಿಗೆ, ಎತ್ತರ ಅಗಲ ದಪ್ಪ, ಅಂಕಣ ಎಷ್ಟು, ಅಕ್ಷರದ ಸಾಲು ಎಷ್ಟು, ಹೂತ ಭಾಗ ಉಂಟೇ, ಪೂಜೆ ಯಾರದು. ಸಂವಿಧಾನದ 11ನೇ ಅನುಸೂಚಿಯ ಕೊನೆಯ ಬಾಬ್ತು ಸಮುದಾಯದ ಆಸ್ತಿಗಳ ನಿರ್ವಹಣೆ; ಅದರಡಿ ಈ ಕಲ್ಲುಗಳನ್ನು ತರಲು ಗ್ರಾಮಸಭೆಯ ಒಂದು ಠರಾವು ಸಾಕೆಂದು ನಮ್ಮ ಅನಿಸಿಕೆ. ರಸ್ತೆ, ಕಾಲುವೆ, ಲೇಔಟ್ ಕೆಲಸದ ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರಿಗೆ ಈ ರಿಜಿಸ್ಟರಿನ ನಕಲು ಮೊದಲೇ ಸಿಗಬೇಕು. ಗುತ್ತಿಗೆದಾರನಿಗೆ ತೋರಿಸಿದರೆ ಆಗಲೇ ತಡ.

ಎಲ್ಲಿಂದ ಶುರು ಮಾಡುವುದು ಎಂದರೆ, ಕೆರೆ ಏರಿಯಿಂದ. ಬೇಸಿಗೆಯಲ್ಲಿ ಹೂಳೆತ್ತುವ ಕೆಲಸಕ್ಕೆ ಟೆಂಡರ್ ಆಗುವ ಮುಂಚೆ ಏರಿಯ ಎರಡೂ ಮಗ್ಗುಲು ಒಮ್ಮೆ ನಡೆದು ಬನ್ನಿ; ಮಣ್ಣಿನಿಂದ ಒಂದು ಮೊಳ ತಲೆ ಎತ್ತಿದ ಚಪ್ಪಡಿಯ ನೆತ್ತಿಯಲ್ಲಿ ಸೂರ್ಯ ಚಂದ್ರ ಕಂಡರೆ ಅಲ್ಲಿಗೊಂದು ಗೂಟ ಹೊಡೆದು ಗುರುತು ಹಾಕಿ.

ಇಂತಿ,
ಕಲ್ಲು ಓದುವ ನಿಮ್ಮ ಕೆಲವರು